ಸತ್ಯಾಂಶ: ಎದುರಾಳಿಯನ್ನು ಬೈದರೆ ಮೇಯರ್ ಕುರ್ಚಿ ಗ್ಯಾರಂಟಿಯಾ?

"ಎದುರಾಳಿಯನ್ನು ಬೈಯುವ ಜಾಹೀರಾತಿದ್ದರೆ ಸಾಕು, ಮೇಯರ್ ಆಗಬಹುದು" ಎನ್ನುವ ಫಾರ್ವರ್ಡ್ ಓಡಾಡುತ್ತಿದೆ. ಇದು ಸರಿಯಲ್ಲ. ಅಂಥ ಜಾಹೀರಾತು ಕೆಲವೊಮ್ಮೆ ಕೆಲಸ ಮಾಡುತ್ತೆ, ಯಾವಾಗಲೂ ಅಲ್ಲ.

2016ರ ಲಂಡನ್ ಚುನಾವಣೆ ನೋಡಿ. ಕನ್ಸರ್ವೇಟಿವ್ ಅಭ್ಯರ್ಥಿ ಜಾಕ್ ಗೋಲ್ಡ್‌ಸ್ಮಿತ್ ಕಡೆಯವರು ಲೇಬರ್ ಪಕ್ಷದ ಸಾದಿಕ್ ಖಾನ್‌ಗೆ ತೀವ್ರವಾದಿಗಳ ನಂಟಿದೆ ಅಂತ ಭಯ ಹುಟ್ಟಿಸಿದರು, ಭಾರತೀಯ ಮೂಲದ ಮತದಾರರಿಗೆ ಕರಪತ್ರ ಕಳಿಸಿ ಮನೆಯ ಒಡವೆಗೂ ತೆರಿಗೆ ಬೀಳಬಹುದು ಅಂತ ಹೆದರಿಸಿದರು. ಒಡವೆಗೆ ತೆರಿಗೆ ಹಾಕುವ ಅಧಿಕಾರ ಲಂಡನ್ ಮೇಯರ್‌ಗೆ ಇಲ್ಲವೇ ಇಲ್ಲ! ಅವರ ಕೈಯಲ್ಲಿರುವುದು ಬಸ್ಸು, ಮೆಟ್ರೊ, ಪೊಲೀಸ್, ವಸತಿ ಇಂಥವು. ಖಾನ್ ಅದನ್ನೇ ಹಿಡಿದುಕೊಂಡರು, ನಾಲ್ಕು ವರ್ಷ ಟಿಕೆಟ್ ದರ ಏರಿಸುವುದಿಲ್ಲ ಎಂದರು. ಆಗ ಮತದಾರರು ಮೊದಲ ಆಯ್ಕೆಯ ಜೊತೆ ಎರಡನೇ ಆಯ್ಕೆಯನ್ನೂ ಗುರುತಿಸಬಹುದಿತ್ತು; ಆ ಎರಡನೇ ಆಯ್ಕೆಯ ಮತಗಳೂ ಸೇರಿ ಖಾನ್ ಸುಮಾರು ಶೇ 57 ಪಡೆದು ಗೆದ್ದರು. ಆಮೇಲೆ ಗೋಲ್ಡ್‌ಸ್ಮಿತ್ ಪ್ರಚಾರವನ್ನು ಅವರದೇ ಪಕ್ಷದ ಕೆಲವರು ಬಹಿರಂಗವಾಗಿ ಟೀಕಿಸಿದರು.