ಟಿಡಿಎಸ್ ಕಡಿಮೆ ಇದ್ದರೆ ನೀರು ಸುರಕ್ಷಿತ ಎಂದಲ್ಲ

"ಮೀಟರ್ ಅದ್ದಿ ನೋಡಿ. ಟಿಡಿಎಸ್ 50ಕ್ಕಿಂತ ಕಡಿಮೆ ಬಂದರೆ ನೀರು ಶುದ್ಧ, ಇಲ್ಲದಿದ್ದರೆ ಆರ್‌ಒ ಬೇಕೇ ಬೇಕು" ಎಂಬ ಮೆಸೇಜ್ ಓಡಾಡುತ್ತಿದೆ. ಇದು ತಪ್ಪು. ಟಿಡಿಎಸ್ ಎಂದರೆ ನೀರಿನಲ್ಲಿ ಕರಗಿರುವ ಲವಣ ಮುಂತಾದವುಗಳ ಒಟ್ಟು ಪ್ರಮಾಣ, ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಲೆಕ್ಕ. ಆರ್‌ಒ ಎಂದರೆ ನೀರನ್ನು ಸೂಕ್ಷ್ಮ ಪೊರೆಯ ಮೂಲಕ ಒತ್ತಿ ಲವಣ ತೆಗೆಯುವ ಯಂತ್ರ, ಹಾಗೆ ಮಾಡುವಾಗ ಒಂದಷ್ಟು ನೀರನ್ನು ಹೊರಗೆ ಬಿಡುತ್ತದೆ.

ಆ ಮೀಟರ್ ಅಳೆಯುವುದು ನೀರಿನಲ್ಲಿ ಕರೆಂಟ್ ಎಷ್ಟು ಸಲೀಸಾಗಿ ಹರಿಯುತ್ತದೆ ಎನ್ನುವುದನ್ನು. ಅದರಿಂದ ಕರಗಿದ ಲವಣ ಎಷ್ಟಿರಬಹುದು ಎಂದು ಅಂದಾಜು ಹೇಳುತ್ತದೆ, ಅಷ್ಟೇ. ಒಂದು ಲೋಟ ನೀರಿಗೆ ಚಿಟಿಕೆ ಉಪ್ಪು ಹಾಕಿ ನೋಡಿ, ಅಂಕಿ ಸರ್ರನೆ ಏರುತ್ತದೆ. ಅದೇ ಒಂದು ತೊಟ್ಟು ಚರಂಡಿ ನೀರು ಬಿದ್ದರೆ ಅಂಕಿ ಹೆಚ್ಚುಕಡಿಮೆ ಅಲ್ಲೇ ಇರುತ್ತದೆ. ಆ ನೀರನ್ನು ಮಗುವಿಗೆ ಕುಡಿಸುತ್ತೀರಾ? ಆರ್ಸೆನಿಕ್ ಕೂಡ ಹಾಗೇ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಇಷ್ಟು ಸಣ್ಣ ಪ್ರಮಾಣ ಮೀಟರಿಗೆ ಕಾಣುವುದೇ ಇಲ್ಲ.

ಹಾಗಾಗಿ ಮೊದಲು ಲ್ಯಾಬ್‌ನಲ್ಲಿ ನೀರು ಪರೀಕ್ಷೆ ಮಾಡಿಸಿ. ನೀರು ತಿಳಿಯಾಗಿದ್ದು, ರೋಗಾಣುಗಳದ್ದಷ್ಟೇ ತೊಂದರೆ ಎಂದಾದರೆ ಯುವಿ (ರೋಗಾಣು ಕೊಲ್ಲುವ ನೇರಳಾತೀತ ಬೆಳಕಿನ ದೀಪ) ಸಾಕು. ಕುದಿಸಿದರೂ ಆಯ್ತು. ಉಪ್ಪಿನಂಶ, ಫ್ಲೋರೈಡ್, ಆರ್ಸೆನಿಕ್ ಜಾಸ್ತಿ ಇದ್ದರೆ ಆರ್‌ಒ ಬೇಕಾಗುತ್ತದೆ, ಯುವಿ ದೀಪ ಇವನ್ನು ತೆಗೆಯುವುದಿಲ್ಲ. ಆದರೆ ಮೀಟರ್ 300 ತೋರಿಸಿತು ಎಂಬ ಒಂದೇ ಕಾರಣಕ್ಕೆ ಸುಮ್ನೆ ಆರ್‌ಒ ಹಾಕಿಸಿ ಅಷ್ಟೊಂದು ನೀರು ಪೋಲು ಮಾಡಬೇಡಿ. 600ರ ಒಳಗಿದ್ದರೆ ನೀರಿನ ರುಚಿ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ ಎಂದು ಅದೇ ಸಂಸ್ಥೆ ಹೇಳುತ್ತದೆ.