ಸದ್ಯಕ್ಕೆ ಓಪನ್ ಬಿಟ್ಟಿದ್ದೀವಿ ಅಷ್ಟೇ!

ಇವತ್ತು ಮತ್ತೊಂದು ಸರ್ವರ್ ನೋಡಿ ತಲೆ ಕೆಟ್ಟುಹೋಯಿತು. ಪೋಸ್ಟ್‌ಗ್ರೆಸ್ ಡೇಟಾಬೇಸಿನ 5432 ಪೋರ್ಟ್ (ಹೊರಗಿನಿಂದ ಅದಕ್ಕೆ ಕನೆಕ್ಟ್ ಆಗೋ ಬಾಗಿಲು) ಇಡೀ ಜಗತ್ತಿಗೆ ತೆರೆದಿದೆ, ಸಾಲದ್ದಕ್ಕೆ ಕಾನ್ಫಿಗ್ ಫೈಲಿನಲ್ಲಿ 0.0.0.0/0 (ಅಂದ್ರೆ ಯಾವ ಐಪಿ ವಿಳಾಸದಿಂದ ಬಂದರೂ ಸರಿ) ಮುಂದೆ 'ಟ್ರಸ್ಟ್' ಬೇರೆ. ಅದಿದ್ದರೆ ಪಾಸ್‌ವರ್ಡೇ ಕೇಳಲ್ಲ, ಡೇಟಾಬೇಸಿನಲ್ಲಿರೋ ಯಾವ ಯೂಸರ್ ಹೆಸರು ಹೇಳಿದರೂ ಒಳಗೆ! ಕೇಳಿದರೆ 'ಕನೆಕ್ಟ್ ಆಗ್ತಿರಲಿಲ್ಲ ಸಾರ್, ಸದ್ಯಕ್ಕೆ ಹಾಕಿದ್ದು' ಅಂತಾರೆ. ಈ 'ಸದ್ಯಕ್ಕೆ' ಯಾವತ್ತಾದರೂ ಮುಗಿದದ್ದನ್ನು ಕಂಡವರಿದ್ದೀರಾ?

ಇಂಥ ಸಲಹೆ ಕೊಡುವವರು ಎಲ್ಲಿಂದ ಹುಟ್ಟಿಕೊಳ್ಳುತ್ತಾರೋ! ಮೈಎಸ್‌ಕ್ಯುಎಲ್ ಡೇಟಾಬೇಸ್ ಕನೆಕ್ಟ್ ಆಗ್ತಿಲ್ವಾ, ಹೊರಗಿನವರನ್ನು ತಡೆಯೋ ಫೈರ್‌ವಾಲನ್ನೇ ಆಫ್ ಮಾಡು. ಆ್ಯಪ್ ಒಂದೇ ಒಂದು ಟೇಬಲ್ ಓದಬೇಕಾ, ಗ್ರಾಂಟ್ ಆಲ್ (ಎಲ್ಲಾ ಅಧಿಕಾರ) ಕೊಟ್ಟು ಹೋಸ್ಟ್ ಜಾಗದಲ್ಲಿ % (ಯಾವ ಕಂಪ್ಯೂಟರಿನಿಂದಾದರೂ ಸರಿ) ಹಾಕು, ಇಲ್ಲಾಂದ್ರೆ ಸುಮ್ನೆ ಎಲ್ಲಾ ಅಧಿಕಾರವಿರೋ ರೂಟ್ ಯೂಸರಿನ ಪಾಸ್‌ವರ್ಡನ್ನೇ ಕೋಡಿನಲ್ಲಿ ಬರೆದುಬಿಡು. ಪರ್ಮಿಷನ್ ಎರರ್‌ಗೆ ಒಂದೇ ಮದ್ದು, 777, ಅಂದ್ರೆ ಫೈಲನ್ನು ಯಾರು ಬೇಕಾದರೂ ಓದಲಿ, ತಿದ್ದಲಿ, ಓಡಿಸಲಿ. (ಕಾನ್ಫಿಗ್ ಫೈಲಿಗೆ 777 ಕೊಟ್ಟರೆ ಮೈಎಸ್‌ಕ್ಯುಎಲ್ ಆ ಫೈಲನ್ನೇ ಓದಲ್ಲ. ಅದಕ್ಕಿರೋ ಬುದ್ಧಿ ಇವರಿಗಿಲ್ಲ.)

ಬ್ಯಾಕಪ್? ಇದೆಯಂತೆ. ಡೇಟಾ ಇರೋ ಅದೇ ಡಿಸ್ಕಿನಲ್ಲಿ! ರಿಸ್ಟೋರ್ ಮಾಡಿ ನೋಡಿದ್ದೀರಾ ಅಂದ್ರೆ ಮುಖ ಮುಖ ನೋಡ್ಕೊಳ್ತಾರೆ.

ಇಷ್ಟೆಲ್ಲ ಆದಮೇಲೆ ಒಂದು ಡೈಲಾಗ್ ಇದ್ದೇ ಇರುತ್ತೆ, 'ನಮ್ಮ ಡೇಟಾ ಯಾರಿಗೆ ಬೇಕು ಬಿಡಿ ಸಾರ್'. ಅಯ್ಯೋ ಮಾರಾಯ, ಹಗಲೂ ರಾತ್ರಿ ತೆರೆದ ಪೋರ್ಟ್ ಹುಡುಕುತ್ತಾ ತಿರುಗುವ ಬಾಟ್‌ಗೆ (ತಾನಾಗೇ ಓಡೋ ಪ್ರೋಗ್ರಾಮ್‌ಗೆ) ನೀನು ಯಾರು ಅಂತ ಗೊತ್ತಿರಲೇಬೇಕಾ?