ಪಾಲಿಬೆಟ್ಟದಲ್ಲಿ ಹುಟ್ಟಿದನೆಂಬ ಒಂದೇ ಕಾರಣಕ್ಕೆ

ಮೊದಲನೆಯ ಮಹಾಯುದ್ಧದಲ್ಲಿ ಲಂಡನ್ನಿನ ಮೇಲೆ ಬಾಂಬು ಹಾಕಲು ಬಂದ ಜರ್ಮನ್ ವಾಯುನೌಕೆಯೊಂದನ್ನು (ಅನಿಲ ತುಂಬಿ ತೇಲಿಸುವ ದೈತ್ಯ ಹಾರುನೌಕೆ) ಬ್ರಿಟನ್ನಿನ ನೆಲದ ಮೇಲೆ ಮೊಟ್ಟಮೊದಲಿಗೆ ಹೊಡೆದುರುಳಿಸಿದ ಪೈಲಟ್ ವಿಲಿಯಂ ಲೀಫ್ ರಾಬಿನ್ಸನ್ ಹುಟ್ಟಿದ್ದು ಕೊಡಗಿನ ಪಾಲಿಬೆಟ್ಟದಲ್ಲಿ, 1895ರ ಜುಲೈ 14ರಂದು. ಈ ಸಂಗತಿ ಆಗಾಗ ವಾಟ್ಸಾಪ್ ಗುಂಪುಗಳಲ್ಲಿ ಸುತ್ತು ಹೊಡೆಯುತ್ತದೆ, ಸುತ್ತು ಹೊಡೆದಷ್ಟೂ ಬಣ್ಣ ಏರಿಸಿಕೊಳ್ಳುತ್ತದೆ. ಇತ್ತೀಚೆಗೆ ನನಗೆ ಬಂದ ಸಂದೇಶದಲ್ಲಂತೂ ಆತ ಕನ್ನಡಾಂಬೆಯ ವೀರಪುತ್ರನೇ ಆಗಿಬಿಟ್ಟಿದ್ದ.

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾದಂದಿನಿಂದ ನಮ್ಮ ತುಮಕೂರು ಸೀಮೆಯ ಹುಡುಗರಿಗೆ ವಿಮಾನ, ಪೈಲಟ್, ವಾಯುಪಡೆ ಎಂದರೆ ಕಿವಿ ನಿಮಿರುತ್ತದೆ. ನಾನು ಇತಿಹಾಸದ ಮೇಷ್ಟ್ರಾದ್ದರಿಂದ ಅವರ ಪ್ರಾಜೆಕ್ಟುಗಳು ನನ್ನ ಮೇಜಿಗೇ ಬರುತ್ತವೆ. ಗುಬ್ಬಿ ಕಡೆಯ ವಿದ್ಯಾರ್ಥಿಯೊಬ್ಬ ರಾಬಿನ್ಸನ್ನನನ್ನು ಆರಿಸಿಕೊಂಡು ಬಂದು, “ಸರ್, ಕರ್ನಾಟಕದ ಮೊದಲ ಯುದ್ಧ ಪೈಲಟ್ ಅಂತ ಹೆಡ್ಡಿಂಗ್ ಕೊಡ್ಲಾ?” ಎಂದು ಕೇಳಿದ. “ಹೆಡ್ಡಿಂಗ್ ಆಮೇಲೆ ನೋಡೋಣಪ್ಪ, ಮೊದಲು ಆತ ಬರೆದ ವರದಿ ಓದಿಕೊಂಡು ಬಾ” ಎಂದೆ. ಅವನ ಮುಖ ಸ್ವಲ್ಪ ಬಾಡಿತು. ಅವನಿಗೆ ಹೇಳಿದ್ದನ್ನೇ ಇಲ್ಲಿ ತುಸು ವಿಸ್ತಾರವಾಗಿ ಬರೆಯುತ್ತಿದ್ದೇನೆ: ಹಿಂದಿನ ಕಾಲದ ಸೇನಾ ಪೈಲಟ್ ಒಬ್ಬನ ಬದುಕನ್ನು ಸಂಶೋಧಿಸುವವರು ಆತ ಎಲ್ಲಿ ಹುಟ್ಟಿದ ಎಂಬುದನ್ನು ಹಿಡಿದು ಹೊರಟರೆ ದಾರಿ ತಪ್ಪುತ್ತಾರೆ, ಆತ ಯಾವ ದಿನ, ಯಾವ ತುಕಡಿಯಲ್ಲಿ, ಯಾವ ಯಂತ್ರದಲ್ಲಿ ಕೂತು ಏನು ಮಾಡಿದ ಎಂಬ ನೀರಸ ಕಾಗದಗಳನ್ನು ಹಿಡಿದು ಹೊರಟರೆ ಮಾತ್ರ ಮನುಷ್ಯ ಸಿಗುತ್ತಾನೆ.

ಹುಟ್ಟಿನ ಮಾತನ್ನು ಮೊದಲೇ ಮುಗಿಸಿಬಿಡುತ್ತೇನೆ. ಆತನ ತಂದೆಯದು ಪಾಲಿಬೆಟ್ಟದ ಬಳಿ ಕೈಮಬೆಟ್ಟ ಎಂಬ ಕಾಫಿ ತೋಟ. ಅಂದಿನ ಕೊಡಗು ಮೈಸೂರು ಸಂಸ್ಥಾನದ ಭಾಗವೂ ಆಗಿರಲಿಲ್ಲ. ಬ್ರಿಟಿಷರ ನೇರ ಆಡಳಿತದಲ್ಲಿದ್ದ ಪ್ರತ್ಯೇಕ ಪ್ರಾಂತ್ಯವದು, ನಮ್ಮೊಡನೆ ಸೇರಿದ್ದು 1956ರಲ್ಲಿ. ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ಕೆಲಕಾಲ ಓದಿದ ಹುಡುಗ ಮುಂದೆ ಇಂಗ್ಲೆಂಡಿನ ಸೇಂಟ್ ಬೀಸ್ ಶಾಲೆಗೆ ಹೋದ, 1914ರ ಆಗಸ್ಟಿನಲ್ಲಿ ಸ್ಯಾಂಡ್‌ಹರ್ಸ್ಟ್ ಸೈನಿಕ ಕಾಲೇಜು ಸೇರಿದ, ವರ್ಷದ ಕೊನೆಗೆ ವೂಸ್ಟರ್‌ಶೈರ್ ರೆಜಿಮೆಂಟಿನ ಅಧಿಕಾರಿಯಾದ. ವಿಮಾನಕ್ಕೆ ಹತ್ತಿದ್ದು 1915ರಲ್ಲಿ, ಅದೂ ಪೈಲಟ್ ಆಗಿ ಅಲ್ಲ, ಫ್ರಾನ್ಸಿನಲ್ಲಿ ವೀಕ್ಷಕನಾಗಿ. ಲೀಲ್ ಪಟ್ಟಣದ ಮೇಲೆ ಹಾರುವಾಗ ತೋಳಿಗೆ ಗಾಯ ಮಾಡಿಕೊಂಡು ಚೇತರಿಸಿಕೊಂಡ ಮೇಲಷ್ಟೇ ಹಾರಾಟ ಕಲಿತ. ಪೈಲಟ್ ಆಗಿ ಒಂದು ವರ್ಷ ತುಂಬುವ ಹೊತ್ತಿಗೆ ಆ ರಾತ್ರಿ ಬಂತು.

1916ರ ಸೆಪ್ಟೆಂಬರ್ 2ರ ರಾತ್ರಿ ಹದಿನಾರು ವಾಯುನೌಕೆಗಳು ಇಂಗ್ಲೆಂಡಿನತ್ತ ಹೊರಟಿದ್ದವು. ಇಡೀ ಯುದ್ಧದಲ್ಲೇ ಅಷ್ಟು ದೊಡ್ಡ ವಾಯುನೌಕೆ ದಾಳಿ ಇನ್ನೊಂದಿಲ್ಲ. ರಾಬಿನ್ಸನ್ ಆಗ 39ನೇ ಸ್ಕ್ವಾಡ್ರನ್ನಿನಲ್ಲಿದ್ದ. ಆತ ತನ್ನ ಮೇಲಧಿಕಾರಿಗೆ ಬರೆದುಕೊಟ್ಟ ವರದಿ ಇಂದಿಗೂ ಉಳಿದಿದೆ. ಅದರಲ್ಲಿ ವೀರಾವೇಶದ ಒಂದು ವಾಕ್ಯವೂ ಇಲ್ಲ. ರಾತ್ರಿ 11.08ರ ಸುಮಾರಿಗೆ ಸಟನ್ಸ್ ಫಾರ್ಮ್ ಎಂಬ ಬಯಲಿನಿಂದ ಮೇಲೇರಿದೆ, ಹತ್ತು ಸಾವಿರ ಅಡಿ ಏರಲು 53 ನಿಮಿಷ ಹಿಡಿಯಿತು ಎನ್ನುತ್ತಾನೆ. ಈ 53 ನಿಮಿಷವನ್ನು ಓದಿಕೊಂಡು ಮುಂದೆ ಹೋಗಿಬಿಡಬಾರದು. ಆತ ಕೂತಿದ್ದು ಬಿ.ಇ.2ಸಿ ಎಂಬ ನಿಧಾನದ ವಿಮಾನದಲ್ಲಿ. ಫ್ರಾನ್ಸಿನ ಹಗಲಿನಲ್ಲಿ ಅದು ಜರ್ಮನ್ನರ ಫೋಕರ್ ಯುದ್ಧವಿಮಾನಗಳ ಬಾಯಿಗೆ ತುತ್ತಾಗುತ್ತಿತ್ತು, ಏಕೆಂದರೆ ತಾನಾಗಿ ನೆಟ್ಟಗೆ ಹಾರುವಂತೆ ಕಟ್ಟಿದ್ದ ಆ ವಿಮಾನ ಬೇಕೆಂದಾಗ ಚಕ್ಕನೆ ಹೊರಳುತ್ತಿರಲಿಲ್ಲ. ಅದೇ ಸ್ಥಿರತೆ ಕತ್ತಲಲ್ಲಿ ವರವಾಯಿತು: ಒಂದು ಕೈಯಲ್ಲಿ ಮೆಷಿನ್‌ಗನ್ನಿನ ಡ್ರಮ್ (ಗುಂಡು ತುಂಬಿದ ದುಂಡನೆಯ ಡಬ್ಬಿ) ಬದಲಿಸುತ್ತಿರುವ ಪೈಲಟ್ ಕೆಳಗೆ ಬೀಳದಂತೆ ಯಂತ್ರ ತನ್ನ ಪಾಡಿಗೆ ತಾನು ಹಾರುತ್ತಿರಬೇಕಲ್ಲ! ಬ್ರಿಟಿಷ್ ಪೈಲಟ್‌ಗಳಿಗೆ ಆಗ ಪ್ಯಾರಾಚೂಟ್ ಕೂಡ ಕೊಡುತ್ತಿರಲಿಲ್ಲ.

ವರದಿಯ ಪ್ರಕಾರ 1.10ಕ್ಕೆ ವೂಲ್ವಿಚ್ ಕಡೆ ಸರ್ಚ್‌ಲೈಟಿನ ಬೆಳಕಿನಲ್ಲಿ ಒಂದು ವಾಯುನೌಕೆ ಕಂಡಿತು. ಎತ್ತರ ಕಳೆದುಕೊಳ್ಳಬಾರದೆಂದು ವೇಗ ಬಿಟ್ಟುಕೊಟ್ಟು ಹಿಂಬಾಲಿಸಿದಾಗ ಅದು ಮೋಡದಲ್ಲಿ ಮರೆಯಾಯಿತು. ಹದಿನೈದು ನಿಮಿಷ ಹುಡುಕಿ ವಾಪಸು ಬಂದ. 2.05ಕ್ಕೆ ಇನ್ನೊಂದು ಕಂಡಾಗ, ಹಿಂದಿನ ಸೋಲನ್ನು ನೆನೆದು ಈ ಬಾರಿ ವೇಗಕ್ಕಾಗಿ ಎತ್ತರವನ್ನು ಬಿಟ್ಟುಕೊಟ್ಟೆ ಎಂದು ಸ್ಪಷ್ಟವಾಗಿ ಬರೆಯುತ್ತಾನೆ. ಅದರ ಹೊಟ್ಟೆಯಡಿ ಮೂತಿಯಿಂದ ಬಾಲದವರೆಗೆ ಹಾರುತ್ತ ಒಂದು ಡ್ರಮ್ ಗುಂಡು ಹಾರಿಸಿದ, ಏನೂ ಆಗಲಿಲ್ಲ. ಪಕ್ಕಕ್ಕೆ ಸರಿದು ಇನ್ನೊಂದು ಡ್ರಮ್, ಅದಕ್ಕೂ ಏನೂ ಆಗಲಿಲ್ಲ. ಹಿಂದಕ್ಕೆ ಬಂದು, ಐದುನೂರು ಅಡಿಗಿಂತ ಹತ್ತಿರದಿಂದ ಮೂರನೆಯ ಡ್ರಮ್ಮನ್ನು ಚದುರಿಸದೆ ಹಿಂಭಾಗದ ಒಂದೇ ಜಾಗಕ್ಕೆ ಖಾಲಿ ಮಾಡಿದ. ಡ್ರಮ್ ಮುಗಿಯುತ್ತಿದ್ದಂತೆ ಆ ಜಾಗ ಕೆಂಪಗೆ ಹೊಳೆಯಿತು, ಕೆಲವು ಸೆಕೆಂಡುಗಳಲ್ಲಿ ಹಿಂಭಾಗವೆಲ್ಲ ಧಗಧಗ ಉರಿಯಿತು. ಅತಿಯಾದ ಉದ್ವೇಗದಲ್ಲಿ ಕೆಂಪು ಸಂಕೇತದ ಬೆಳಕುಗಳನ್ನು ಹಾರಿಸಿದೆನೆಂದು ಒಪ್ಪಿಕೊಂಡು, ಎಣ್ಣೆ ಪೆಟ್ರೋಲು ಮುಗಿಯುತ್ತ ಬಂದದ್ದರಿಂದ 2.45ಕ್ಕೆ ಇಳಿದೆ ಎಂದು ಮುಗಿಸುವ ಮುನ್ನ ಒಂದು ಕೊನೆಯ ಸಾಲು ಸೇರಿಸುತ್ತಾನೆ: ಇಳಿದ ಮೇಲೆ ನೋಡಿದರೆ ತನ್ನದೇ ಗುಂಡುಗಳು ತನ್ನ ವಿಮಾನದ ರೆಕ್ಕೆಯ ಮುಖ್ಯ ತೊಲೆಯಲ್ಲಿ ತೂತು ಮಾಡಿದ್ದವು. ಯಾವ ವಾಟ್ಸಾಪ್ ಸಂದೇಶದಲ್ಲೂ ಈ ತೂತುಗಳಿಲ್ಲ. ನನ್ನ ಮಟ್ಟಿಗೆ ಆ ಮನುಷ್ಯ ಕಾಣುವುದೇ ಅಲ್ಲಿ.

ಹಾಗೆಂದು ವರದಿಯನ್ನೂ ಕಣ್ಣು ಮುಚ್ಚಿಕೊಂಡು ನಂಬುವಂತಿಲ್ಲ. ಆತ ಉದ್ದಕ್ಕೂ ‘ಜೆಪ್ಪೆಲಿನ್’ ಎಂದೇ, ಅಂದರೆ ಜೆಪ್ಪೆಲಿನ್ ಕಂಪನಿಯ ವಾಯುನೌಕೆಯೆಂದೇ ಬರೆದಿದ್ದಾನೆ. ಬಿದ್ದದ್ದು ಎಸ್‌ಎಲ್ 11, ಶ್ಯೂಟೆ-ಲಾಂಜ್ ಕಂಪನಿ ಕಟ್ಟಿದ, ಮರದ ಅಸ್ಥಿಪಂಜರದ ಬೇರೆಯೇ ಜಾತಿಯ ನೌಕೆ. ಬ್ರಿಟಿಷ್ ಸರ್ಕಾರ ಅದನ್ನು ಎಲ್ 21 ಎಂಬ ಜೆಪ್ಪೆಲಿನ್ ಎಂದು ಸಾರಿತು. ನಿಜವಾದ ಎಲ್ 21 ಆ ಬಳಿಕವೂ ಹಾರುತ್ತಲೇ ಇದ್ದು, ನವೆಂಬರ್ 28ರಂದು ಲೋಸ್ಟಾಫ್ಟ್ ಬಳಿ ಸಮುದ್ರಕ್ಕೆ ಬಿತ್ತು. ಇನ್ನು ಸೆಪ್ಟೆಂಬರ್ 5ರ ಲಂಡನ್ ಗೆಜೆಟ್ಟಿನಲ್ಲಿ (ಬ್ರಿಟಿಷ್ ಸರ್ಕಾರದ ರಾಜಪತ್ರ) ಪ್ರಕಟವಾದ, ಆತನಿಗೆ ಕೊಟ್ಟ ವಿಕ್ಟೋರಿಯಾ ಕ್ರಾಸ್ ಎಂಬ ಅತ್ಯುನ್ನತ ಶೌರ್ಯ ಪ್ರಶಸ್ತಿಯ ಒಕ್ಕಣೆ ನೋಡಿ: ಅದೇ ಹಾರಾಟದಲ್ಲಿ ಆತ ಮೊದಲೇ ಇನ್ನೊಂದು ವಾಯುನೌಕೆಯ ಮೇಲೂ ದಾಳಿ ಮಾಡಿದ್ದನೆಂದು ಅದರಲ್ಲಿದೆ. ಆತನ ವರದಿಯಲ್ಲಾದರೋ ಆ ಮೊದಲನೆಯದು ಗುಂಡು ಹಾರಿಸುವ ಮೊದಲೇ ಮೋಡದಲ್ಲಿ ಮರೆಯಾಗಿತ್ತು! ಮೂರು ದಿನಗಳೊಳಗೆ, ಒಂದೇ ಸೇನೆಯ ಎರಡು ಕಾಗದಗಳ ನಡುವೆ, ಸೋಲೊಂದು ದಾಳಿಯಾಯಿತು. ನೂರು ವರ್ಷ ಕಳೆದ ಮೇಲೆ ನಮ್ಮ ಮೊಬೈಲಿಗೆ ಬರುವಷ್ಟರಲ್ಲಿ ಏನೇನಾಗಿರಬಹುದು ಎಂಬುದನ್ನು ಓದುಗರೇ ಊಹಿಸಬಹುದು.

ಹುಟ್ಟೂರಿನ ಅಭಿಮಾನಿಗಳು ಮುಖ್ಯವಾಗಿ ಗಮನಿಸಬೇಕಾದ ಸಂಗತಿ ಉರಿದುಹೋದ ನೌಕೆಯೊಳಗಿದೆ. ಅದರಲ್ಲಿದ್ದ ಹದಿನಾರು ಮಂದಿಯೂ ಸತ್ತರು. ಅವರ ನಾಯಕ ಕ್ಯಾಪ್ಟನ್ ವಿಲ್‌ಹೆಲ್ಮ್ ಶ್ರಾಮ್ ಹುಟ್ಟಿದ್ದು ಲಂಡನ್ನಿನ ಚಾರ್ಲ್‌ಟನ್‌ನಲ್ಲಿ. ಕೊಡಗಿನಲ್ಲಿ ಹುಟ್ಟಿದವನು ಲಂಡನ್ನನ್ನು ಕಾಯುತ್ತಿದ್ದ, ಲಂಡನ್ನಿನಲ್ಲಿ ಹುಟ್ಟಿದವನು ಅದರ ಮೇಲೆ ಬಾಂಬು ಹಾಕಲು ಬಂದಿದ್ದ. ರಾಬಿನ್ಸನ್ ಕರ್ನಾಟಕದ ವೀರನಾದರೆ ಶ್ರಾಮ್ ಲಂಡನ್ನಿನ ವೀರನಾಗಬೇಕಾಗುತ್ತದೆ; ಲಂಡನ್ನಿನವರು ಒಪ್ಪುತ್ತಾರೆಯೇ?

ಮುಂದಿನ ಕಥೆಯಲ್ಲಿ ವೈಭವಕ್ಕಿಂತ ಸಂಕಟವೇ ಹೆಚ್ಚು. ಬಹುಮಾನವಾಗಿ 3,500 ಪೌಂಡ್ ಬಂತು, ಬೀದಿಗಿಳಿದರೆ ಜನ ಮುತ್ತುತ್ತಿದ್ದರು. 1917ರ ಏಪ್ರಿಲ್ 5ರಂದು ಫ್ರಾನ್ಸಿನಲ್ಲಿ ಹೊಸ ಬ್ರಿಸ್ಟಲ್ ಫೈಟರ್ ವಿಮಾನಗಳ ಆರರ ತಂಡವನ್ನು ಮುನ್ನಡೆಸಿದಾಗ ಹೆಸರಾಂತ ಜರ್ಮನ್ ಪೈಲಟ್ ರಿಚ್‌ಟೋಫೆನ್ನನ ತಂಡ ಎದುರಾಗಿ ನಾಲ್ಕು ವಿಮಾನಗಳು ಹೋದವು. ರಾಬಿನ್ಸನ್ ಸೆರೆಸಿಕ್ಕ. ಆತನನ್ನು ಉರುಳಿಸಿದ್ದು ಸ್ವತಃ ರಿಚ್‌ಟೋಫೆನ್ ಎಂದು ಬರೆಯುವವರಿದ್ದಾರೆ; ಜರ್ಮನ್ ಲೆಕ್ಕದಲ್ಲಿ ಆ ವಿಜಯ ಸೆಬಾಸ್ಟಿಯನ್ ಫೆಸ್ಟ್ನರ್ ಹೆಸರಿನಲ್ಲಿದೆ. ಎದುರಾಳಿಯ ದಾಖಲೆಯನ್ನೂ ತೆರೆದು ನೋಡದೆ ವಾಯುಯುದ್ಧದ ಬಗ್ಗೆ ಬರೆಯುವವರನ್ನು ನಾನು ಸಂಶೋಧಕರೆಂದು ಒಪ್ಪುವುದಿಲ್ಲ. ಹೋಲ್ಜ್‌ಮಿಂಡೆನ್ ಸೇರಿದಂತೆ ಹಲವು ಸೆರೆಶಿಬಿರಗಳಲ್ಲಿ ನವೆದು, ಯುದ್ಧ ಮುಗಿದ ಮೇಲೆ ಮನೆಗೆ ಬಂದ ಆತ 1918ರ ಡಿಸೆಂಬರ್ 31ರಂದು ಇನ್‌ಫ್ಲುಯೆಂಜಾಗೆ ಬಲಿಯಾದ. ವಯಸ್ಸು ಇಪ್ಪತ್ತಮೂರು.

ಇದೇ ಯುದ್ಧದಲ್ಲಿ ಹಾರಿದ ಭಾರತೀಯರ ವಿಚಾರದಲ್ಲೂ ಇದೇ ಎಚ್ಚರ ಬೇಕು. ಕಲ್ಕತ್ತೆಯ ಇಂದ್ರಲಾಲ್ ರಾಯ್ 1918ರ ಜುಲೈನ ಕೆಲವೇ ದಿನಗಳಲ್ಲಿ ಹತ್ತು ವಿಜಯ ಗಳಿಸಿ ಅದೇ ತಿಂಗಳ 22ರಂದು ಸತ್ತವರು. ಹರ್ದಿತ್ ಸಿಂಗ್ ಮಲಿಕ್ ಗುಂಡೇಟು ತಿಂದ ವಿಮಾನದೊಡನೆ ಬದುಕಿ ಬಂದು ಮುಂದೆ ಫ್ರಾನ್ಸಿಗೆ ನಮ್ಮ ರಾಯಭಾರಿಯಾದವರು. ಇವರನ್ನು ಕೊಂಡಾಡುವ ಲೇಖನಗಳಿಗೆ ಬರವಿಲ್ಲ, ಇವರ ಹಾರಾಟದ ದಿನವಹಿಯನ್ನು ಕನ್ನಡದಲ್ಲಿ ಸಾಲು ಸಾಲಾಗಿ ಬಿಡಿಸಿಟ್ಟ ಒಂದು ಬರಹವೂ ನನ್ನ ಕಣ್ಣಿಗೆ ಬಿದ್ದಿಲ್ಲ. ದಾಖಲೆಗಳು ಕೈಗೆಟುಕದ ಜಾಗದಲ್ಲೂ ಇಲ್ಲ. ಅಧಿಕಾರಿಗಳ ಸೇವಾ ಹಾಳೆಗಳು ಲಂಡನ್ನಿನ ಕ್ಯೂ ಬಳಿಯ ರಾಷ್ಟ್ರೀಯ ಪತ್ರಾಗಾರದಲ್ಲಿ ಏರ್ 76 ಎಂಬ ಸರಣಿಯಲ್ಲಿವೆ, ಗಾಯ ವರ್ಗಾವಣೆಗಳನ್ನು ನಮೂದಿಸಿದ ನಮೂನೆಗಳನ್ನು ರಾಯಲ್ ಏರ್ ಫೋರ್ಸ್ ಮ್ಯೂಸಿಯಂ ಅಂತರಜಾಲಕ್ಕೆ ಹಾಕಿದೆ, ಗೆಜೆಟ್ಟಂತೂ ಬಿಟ್ಟಿಯಾಗಿಯೇ ಸಿಗುತ್ತದೆ. ತುಮಕೂರಿನಲ್ಲಿ ಕೂತು ಮೊಬೈಲಿನಲ್ಲೇ ಅರ್ಧ ಕೆಲಸ ಮುಗಿಸಬಹುದು, ತಾಳ್ಮೆಯೊಂದಿದ್ದರೆ.

ನನ್ನ ವಿದ್ಯಾರ್ಥಿ ವರದಿ ಓದಿಕೊಂಡು ಬಂದ. ಈಗ ಅವನ ಪ್ರಾಜೆಕ್ಟಿನ ವಿಷಯವೇ ಬದಲಾಗಿದೆ: ವರದಿ, ಗೆಜೆಟ್, ಅಂದಿನ ಪತ್ರಿಕೆ, ಇಂದಿನ ಸಂದೇಶ, ಈ ನಾಲ್ಕರಲ್ಲಿ ಅದೇ ರಾತ್ರಿ ಹೇಗೆ ಹೇಗೆ ಬದಲಾಯಿತು ಎಂಬುದನ್ನು ಪಕ್ಕಪಕ್ಕದಲ್ಲಿಟ್ಟು ತೋರಿಸುತ್ತಿದ್ದಾನೆ. ಮುಂದಿನ ವರ್ಷದ ಹುಡುಗರಿಗೆ ನಮ್ಮ ಜಿಲ್ಲೆಯಿಂದಲೇ ವಾಯುಪಡೆ ಸೇರಿದವರ ಬಗ್ಗೆ ಕೆಲಸ ಕೊಡುವ ಆಸೆಯಿದೆ. ತಿಪಟೂರು, ಶಿರಾ, ಕುಣಿಗಲ್, ಮಧುಗಿರಿ ಕಡೆಯ ಯಾರ ಮನೆಯಲ್ಲಾದರೂ ಅಜ್ಜನದೋ ದೊಡ್ಡಪ್ಪನದೋ ಹಾರಾಟದ ಲಾಗ್‌ಬುಕ್ ಇದ್ದರೆ ದಯವಿಟ್ಟು ಮೆಸೆಂಜರಿನಲ್ಲಿ ತಿಳಿಸಿ. ಸಮವಸ್ತ್ರದ ಫೋಟೋ ಇರಲಿ, ಆದರೆ ನಮಗೆ ಮುಖ್ಯವಾಗಿ ಬೇಕಾದದ್ದು ದಿನಾಂಕ, ವಿಮಾನದ ನಂಬರು, ಹಾರಾಟದ ಅವಧಿ ಬರೆದ ಒಳಪುಟಗಳು. ಷರಾ ಕಲಮಿನಲ್ಲಿ ಪೆನ್ಸಿಲಿನಲ್ಲಿ ಗೀಚಿದ್ದಿದ್ದರೆ ಅದನ್ನೂ ಅಳಿಸದೆ ಹಾಗೆಯೇ ಫೋಟೋ ತೆಗೆದು ಕಳಿಸಿ.